ಶಾಂಘೈಯಿಂದ ಬಂದ ರೊಟ್ಟಿ ಹಂಚು

ಇವತ್ತು ಬೆಳಿಗ್ಗೆ ಕಡಲೆಬೇಳೆ, ಉದ್ದಿನಬೇಳೆ ಬೇರೆ ಬೇರೆಯಾಗಿ ಹುರಿದಿಟ್ಟೆ. ಒಣಮೆಣಸಿನಕಾಯಿಯ ತೊಟ್ಟು ಮುರಿದೆ. ಸೀನು ತಡೆಯದೆ ಕಿಟಕಿ ತೆರೆದೆ. ಚಟ್ನಿಪುಡಿ ಡಬ್ಬಿಗಳಿಗೆ ಹೆಸರು ಅಂಟಿಸಿದೆ. ಮಾರ್ಗನ್ ಹಿಲ್ ಊರಿನ ಗಿರಾಕಿಗೆ ಹೋಗಬೇಕಾದ ಚೀಲವನ್ನು ಮರೆಯದಿರಲೆಂದು ಚಪ್ಪಲಿಯ ಪಕ್ಕದಲ್ಲೇ ಇಟ್ಟೆ. ಡಿಶ್‌ವಾಷರು ಖಾಲಿ ಮಾಡಿದೆ. ಕೊನೆಗೆ ಕಬ್ಬಿಣದ ಹಂಚನ್ನು ಒರೆಸಿ ಎಣ್ಣೆ ಸವರಿದೆ. ಅದರ ಬೆನ್ನಿನಲ್ಲಿ ಸುತ್ತಿಗೆಯ ಪೆಟ್ಟಿನ ಗುರುತುಗಳು ಇನ್ನೂ ಬೆರಳಿಗೆ ಸಿಗುತ್ತವೆ. ಹಾಗೆ ಸವರುವಾಗಲೆಲ್ಲ ಕೆಳಗಿನ ಮನೆಯ ಕಾಕಾ ಕಣ್ಣೆದುರು ಬರುತ್ತಾರೆ: ಈ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿ, ಸುಟ್ಟ ಬೆರಳಲ್ಲಿ ಕಿವಿಯ ತುದಿ ಹಿಡಿದುಕೊಂಡು, ಏನೂ ಆಗಿಲ್ಲ ಎಂಬಂತೆ ನಿಲ್ಲುತ್ತಿದ್ದ ಮನುಷ್ಯ.

ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಕಾಕಾ ಮತ್ತು ಕಾಕು ಕೆಳಗೆ. ನಾನು ಮೈಸೂರಿನವಳು, ಅವರು ಹುಬ್ಬಳ್ಳಿಯವರು. ಕಾಕಾ ಒಂದು ಕಾಲದಲ್ಲಿ ಇಲ್ಲಿನ ಇಂಟರ್ನೆಟ್ ಕಂಪನಿಯೊಂದರ ಶಾಂಘೈ ಆಫೀಸನ್ನು ನಡೆಸುತ್ತಿದ್ದರು. ಜನ ತಮ್ಮ ತಮ್ಮಲ್ಲೇ ಸಾಮಾನು ಮಾರುವ, ಕೊಳ್ಳುವ ಸೈಟು ಅದು. ಕೆಲವೇ ವರ್ಷಗಳಲ್ಲಿ ಅಲ್ಲಿಯದೇ ಒಂದು ಕಂಪನಿ ಅದನ್ನು ಮೂಲೆಗೆ ಸರಿಸಿತು. ಆಫೀಸು ಮುಚ್ಚಿ ಕಾಕಾ ವಾಪಸ್ಸು ಬಂದರು. ನಮಗೆ ಪರಿಚಯವಾಗುವ ಹೊತ್ತಿಗೆ ರಿಟೈರಾಗಿ, ಬಾಗಿಲ ಮುಂದಿನ ಕುಂಡಗಳಲ್ಲಿ ಮೆಂತ್ಯ ಬೆಳೆಯುತ್ತಿದ್ದರು. ಮೆಟ್ಟಿಲ ಹತ್ತಿರ ಸಿಕ್ಕರೆ ಎರಡು ಪ್ರಶ್ನೆ ಖಾಯಂ: “ಏನ್ ಉಂಡ್ರಿ? ನಿನ್ನೆ ಮೊದಲ ಯಾರ ಮಲಗಿದ್ರಿ?” ಎರಡನೆಯದು ಯಾಕೆಂದು ನನಗೆ ಬಹಳ ಕಾಲ ತಿಳಿದಿರಲಿಲ್ಲ.

ನನ್ನ ಪುಡಿಗಳ ವ್ಯಾಪಾರ ಶುರುವಾದದ್ದು ಫೋನಿನಲ್ಲೇ. ಪುಡಿಯ ಮಾತು ಮುಗಿಸಿ ಮೊಣಕಾಲು ನೋವಿನ ಮಾತಿಗೆ ಹೋಗುವ ಗಿರಾಕಿಗಳು. ಅಷ್ಟರಲ್ಲಿ ದೊಡ್ಡದೊಂದು ಗ್ರೋಸರಿ ಆ್ಯಪಿನವರು ಅದೇ ಚಟ್ನಿಪುಡಿಯನ್ನು ಮನೆಬಾಗಿಲಿಗೆ ತಂದುಕೊಡತೊಡಗಿದರು. ನನಗೆ ಹೆದರಿಕೆಯಾಯಿತು. ಈ ಊರಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಇಂಜಿನಿಯರಾಗಿರುವ ನಮ್ಮ ಯಜಮಾನರು ಒಂದು ಭಾನುವಾರ ಕೂತು ನನಗೊಂದು ಆರ್ಡರ್ ಪೇಜು ಮಾಡಿಕೊಟ್ಟರು. ಬಿಳಿ ಹಿನ್ನೆಲೆ, ಮೂರು ಪುಡಿ, ಒಂದು ಬಟನ್ನು.

“ಇನ್ಮೇಲೆ ಫೋನ್ ಎತ್ಬೇಡ. ಎಲ್ಲಾ ಇದರಲ್ಲೇ ಬರ್ಲಿ. ಅವರಷ್ಟೇ ನೀಟಾಗಿ ಕಾಣ್ಬೇಕು ನೀನು,” ಎಂದರು.

ಹಾಗೇ ಮಾಡಿದೆ. ಗಿರಾಕಿಗಳ ಮನೆ ಒಂದೊಂದೇ ಬಿಟ್ಟುಹೋಯಿತು. ಯುಗಾದಿಯ ಹೊತ್ತಿಗೆ, ಬಾಡಿಗೆಗೆ ಹಿಡಿದಿದ್ದ ಅಡುಗೆಮನೆಯನ್ನು ಬಿಟ್ಟು ವ್ಯಾಪಾರ ನಿಲ್ಲಿಸುವುದೆಂದು ತೀರ್ಮಾನವಾಯಿತು. ಉಳಿದ ಪುಡಿಯನ್ನು ಕಾಕುಗೆ ಕೊಡಲು ಇಬ್ಬರೂ ಕೆಳಗೆ ಹೋದೆವು.

ವಿಷಯ ಕೇಳಿ ಕಾಕಾ ನನ್ನ ಫೋನು ಇಸಿದುಕೊಂಡು ಪೇಜು ನೋಡಿದರು. ಮೊದಲು ನಕ್ಕರು. ಆಮೇಲೆ ನಗಲಿಲ್ಲ.

“ಇದನ್ನ ನಾ ನೋಡೀನಿ. ಇಷ್ಟಽ ಬೆಳ್ಳಗ, ಇಷ್ಟಽ ಖಾಲಿ. ಇಂಥಾ ಭಣಭಣ ಅಂಗಡಿಗೆ ಯಾರ ಬರ್ತಾರ್ರೀ ಅಂತ ಶಾಂಘೈದಾಗ ಮಂದಿ ನಗತಿದ್ರು.”

“ಕಾಕಾ, ಅಲ್ಲಿ ಸರ್ಕಾರನೇ ಹೊರಗಿನವರನ್ನ ಬಿಡಲ್ಲ ಅಲ್ವಾ? ಅದು ಬೇರೆ ಕಥೆ,” ಎಂದರು ಯಜಮಾನರು.

“ಕೆಲವರಿಗೆ ಬಾಗಲಾ ಹಾಕಿದ್ರು, ಖರೇ. ನಮಗ ತಗದಽ ಇತ್ತು ತಮ್ಮಾ. ನಾವು ಒಳಗ ದೀಪಾ ಹಚ್ಚಿಕೊಂಡು ಕುಂತಿದ್ವಿ. ಮಂದಿ ಬಾಜೂದ ಅಂಗಡಿಗೆ ಹೋದ್ರು.”

ಒಲೆಯ ಮುಂದಿನಿಂದ ಕಾಕು, “ಹಂಚಿನ ಸುದ್ದಿ ಹೇಳ್ರಿ, ನಾಚಗೋಬ್ಯಾಡ್ರಿ,” ಎಂದರು.

ಶಾಂಘೈಯಲ್ಲಿ ಕಾಕುಗೆ ಜೋಳದ ರೊಟ್ಟಿ ಬೇಯಿಸಲು ಹಂಚು ಬೇಕಾಗಿತ್ತಂತೆ. ಗಂಡನ ಕಂಪನಿಯ ಸೈಟಿನಲ್ಲಿ ಕಬ್ಬಿಣದ ಬಾಣಲೆಯ ಚಿತ್ರವೇನೋ ಇತ್ತು. ಮಾರುವವನನ್ನು ನೇರ ಕೇಳಲು ದಾರಿಯಿರಲಿಲ್ಲ. ಮಾತಿಗೆ ಬಿಟ್ಟರೆ ಇಬ್ಬರೂ ಸೈಟಿನ ಹೊರಗೇ ವ್ಯಾಪಾರ ಮುಗಿಸುತ್ತಾರೆಂದು ಕ್ಯಾಲಿಫೋರ್ನಿಯಾದ ದೊಡ್ಡ ಆಫೀಸಿನವರ ಭಯ. ಚೀನೀ ಓದಿ ಹೇಳಲು ಕಾಕು ಮನೆಕೆಲಸದಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದುರಾಳಿಯ ಸೈಟು ತೆರೆದರು. ಅಲ್ಲಿ ಮಾರುವವನ ಹೆಸರಿನ ಪಕ್ಕದಲ್ಲೇ ಟೈಪ್ ಮಾಡಿ ಮಾತಾಡುವ ಕಿಟಕಿ. ಏನು ಬೇಯಿಸುತ್ತೀರಿ, ಎಷ್ಟು ಅಗಲ, ನಡುವೆ ಗುಳಿ ಬೇಕೋ ಬೇಡವೋ ಎಂದು ಆತನೇ ಕೇಳಿದ. ಒಂದಿಷ್ಟು ಚೌಕಾಸಿಯೂ ಆಯಿತು. ಬಡಿದು ಚಪ್ಪಟೆ ಮಾಡಿದ ಹಂಚು ಮನೆಗೆ ಬಂತು.

“ನಾ ಆಫೀಸಿನಿಂದ ಬಂದೆ. ಬಿಸಿ ರೊಟ್ಟಿ. ಹಂಚು ಎಲ್ಲಿಂದ ತರಿಸಿದಿ ಅಂದೆ. ಹೇಳಿದ್ಲು. ತುತ್ತು ಬಾಯಾಗಽ ಉಳೀತು,” ಎಂದರು ಕಾಕಾ. “ಮಾತಾಡೋ ಕಿಟಕಿ ಬೇಕು ಅಂತ ನಮ್ಮ ಆಫೀಸಿನ ಮಂದಿ ನನ್ನ ಬೆನ್ನ ಹತ್ತಿದ್ರು. ನಾ ಇಲ್ಲಿಗೆ ಬರೀತಿದ್ದೆ. ಅಲ್ಲಿ ಹಗಲು ಅಂದ್ರ ಇಲ್ಲಿ ಮಲಗಿರ್ತಿದ್ರು. ಎದ್ದ ಮ್ಯಾಲೆ ಮೀಟಿಂಗು. ಇಡೀ ಜಗತ್ತಿಗೆ ಒಂದಽ ಪೇಜ್ ಇರಬೇಕು ಅನ್ನೋರು. ಬಾಜೂದವ್ರು ಮುಂಜಾನೆ ಬೈಸಿಕೊಂಡಿದ್ದನ್ನ ಸಂಜೀಕ ಸರಿ ಮಾಡ್ತಿದ್ರು. ಮ್ಯಾಲೆ, ಮಾರೋರ ಕಡೆ ನಮ್ಮಂಗ ಫೀಸೂ ತಗೋತಿರಲಿಲ್ಲ.”

“ಆದ್ರೂ ಕಾಕಾ, ಒಬ್ಬೊಬ್ಬರ ಹತ್ರ ಮಾತಾಡ್ಕೊಂಡು ಕೂತ್ರೆ ಸ್ಕೇಲ್ ಆಗಲ್ಲ, ದೊಡ್ಡದಾಗಿ ಬೆಳೆಯಲ್ಲ.”

“ಹಿಂಗಽ ಅಂತಿದ್ದೆ ನಾನೂ. ನಿನಕಿಂತ ಚೊಲೋ ಸೂಟ್ ಹಾಕ್ಕೊಂಡು ಅಂತಿದ್ದೆ.”

ಮೊದಲು ಬಿಟ್ಟವರು ಯಾರೆಂದು ಕೇಳಿ, ಕಾಕಾ ನನ್ನ ಫೋನಿನಿಂದಲೇ ಮಾರ್ಗನ್ ಹಿಲ್‌ನ ಹಳೆಯ ಗಿರಾಕಿಗೆ ಕರೆ ಹಚ್ಚಿ, ಸ್ಪೀಕರಿಗೆ ಹಾಕಿ ಫೋನನ್ನು ನನ್ನ ಕೈಗೆ ಕೊಟ್ಟರು. “ಪುಡಿ ಮಾರಬ್ಯಾಡ ತಂಗಿ. ಯಾಕ ಬಿಟ್ರಿ, ಅಷ್ಟಽ ಕೇಳು.”

ಕೇಳಿದೆ. ಆಕೆ ಸಂಕೋಚಪಟ್ಟುಕೊಂಡರು. “ಪುಡಿ ಚೆನ್ನಾಗೇ ಇತ್ತು ಕಣ್ರೀ. ನಮ್ಮತ್ತೆಗೆ ಈಗ ಹಲ್ಲಿಲ್ಲ, ಕೊಬ್ಬರಿ ನುಣ್ಣಗಿರ್ಬೇಕು. ಅದನ್ನ ಆ ಪೇಜಲ್ಲಿ ಎಲ್ಲಿ ಹೇಳೋದು? ಫೋನ್ ಮಾಡಿದ್ರೆ ನೀವು ಎತ್ತಲಿಲ್ಲ. ನಮ್ಮ ಮೇಲೆ ಏನೋ ಬೇಜಾರಾಗಿದೆ ಅಂದ್ಕೊಂಡ್ವಿ.”

ನುಣ್ಣಗೆ ಮಾಡಿ ಶನಿವಾರ ನಾನೇ ತರುತ್ತೇನೆ ಎಂದೆ. ಅಡುಗೆಮನೆಯನ್ನು ಬಿಡಲಿಲ್ಲ. ಪೇಜೂ ಉಳಿಯಿತು, ಅದರ ನೆತ್ತಿಯ ಮೇಲೆ ನನ್ನ ಫೋನ್ ನಂಬರು ದಪ್ಪ ಅಕ್ಷರದಲ್ಲಿ ಬಂತು. ಹಾಕಿದವರು ಯಜಮಾನರೇ. ಆ ಆ್ಯಪು ಇವತ್ತಿಗೂ ಚಟ್ನಿಪುಡಿ ಮಾರುತ್ತದೆ. ನಾನೂ ಮಾರುತ್ತೇನೆ.

ಎರಡನೆಯ ಪ್ರಶ್ನೆಯ ಗುಟ್ಟನ್ನು ಆಮೇಲೊಮ್ಮೆ ಕಾಕು ಹೇಳಿದರು. ಶಾಂಘೈಯಲ್ಲಿದ್ದಷ್ಟು ವರ್ಷವೂ ಕಾಕಾ ಊಟ ಮಾಡಿ, ಇಲ್ಲಿಯವರು ಏಳುವುದನ್ನೇ ಕಾಯುತ್ತ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರಂತೆ. ದಿನವೂ ಕಾಕು ಒಬ್ಬರೇ ಮೊದಲು ಮಲಗಬೇಕು. ವಾಪಸ್ಸು ಬಂದ ಮೇಲೆ, ಇನ್ನು ನಾನೇ ಮೊದಲು ಮಲಗುವವನು ಎಂದು ಕಾಕಾ ಹಠ ಹಿಡಿದರು. ಒಂದು ದಿನವೂ ತಪ್ಪಿಸಲಿಲ್ಲ.

ಕಳೆದ ವರ್ಷ ಕಾಕಾ, ಊಟವಾದ ಮೇಲೆ ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ನಾನು ಓಡಿ ಕೆಳಗಿಳಿದಾಗ ಕಾಕು ಅವರ ಹೊದಿಕೆ ಸರಿಮಾಡುತ್ತಿದ್ದರು. “ಈ ಸಲಾನೂ ತಾವಽ ಮೊದಲ ಮಲಗಿದ್ರು ನೋಡು,” ಎಂದಷ್ಟೇ ಹೇಳಿದರು.

ಮಗಳ ಮನೆಗೆ ಹೊರಡುವಾಗ ಕಾಕು ಹಂಚನ್ನು ನನಗೆ ಕೊಟ್ಟರು, ಮೆಂತ್ಯದ ಕುಂಡಗಳನ್ನೂ. ರೊಟ್ಟಿ ಬಡಿಯುವುದನ್ನು ಅವರು ಫೋನಿನಲ್ಲೇ ಕಲಿಸಿದರು. ನನ್ನ ರೊಟ್ಟಿಯ ಅಂಚು ಇನ್ನೂ ಒಡೆಯುತ್ತದೆ.

ಕಾಕಾ ಕೇಳಿದ್ದರೆ, ಇವತ್ತು ರಾತ್ರಿ ಉಂಡದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಮೆಂತ್ಯ, ಮೊಸರು. ಮಾರ್ಗನ್ ಹಿಲ್‌ನವರ ಫೋನು ಬಂತು. ಅತ್ತೆಗೆ ಈಗ ಖಾರವೂ ಕಡಿಮೆ ಬೇಕಂತೆ. ಆಗಲಿ ಎಂದೆ. ಮಾತು ಮುಗಿಸಿ ಬರುವಷ್ಟರಲ್ಲಿ ಯಜಮಾನರು ಮೊದಲೇ ಮಲಗಿ ಗೊರಕೆ ಹೊಡೆಯುತ್ತಿದ್ದರು.