ತೊಳೆದಿಟ್ಟ ಕೊಡಗಳು

ನಿವೃತ್ತಿಗೆ ಸ್ವಲ್ಪ ಮೊದಲು, ಈಗ್ಗೆ ಎಂಟು ವರ್ಷದ ಹಿಂದೆ, ನಾನು ಆಳಂದ ಸೀಮೆಯಲ್ಲಿ ಅಬಕಾರಿ ರಕ್ಷಕನಾಗಿದ್ದೆ. ಕಚೇರಿಯ ಹೆಸರು ಬೇಡ. ಕಳ್ಳಬಟ್ಟಿ ಹಿಡಿಯುವುದು ನಮ್ಮ ಕೆಲಸ. ಆದರೆ ಅದಕ್ಕೊಂದು ಒಳಪದ್ಧತಿ ಇತ್ತು. ತಿಂಗಳಿಗೆ ಇಷ್ಟು ಕೇಸು ಆಗಲೇಬೇಕೆಂದು ಮೇಲಿನವರ ಒತ್ತಾಯ. ಕಬ್ಬಿನ ಹೊಲಗಳ ನಡುವೆ ದೊಡ್ಡ ಬಟ್ಟಿ ನಡೆಸುತ್ತಿದ್ದ ಬಸಣ್ಣ ತಾನೇ ನಮಗೊಂದು ಕೇಸು ‘ಕೊಡುತ್ತಿದ್ದ’. ಎರಡು ಕೊಡಗಳ ಜೊತೆ ಯಾರೋ ಬಡಪಾಯಿಯನ್ನು ಹಳ್ಳದ ದಂಡೆಗೆ ಕೂರಿಸುತ್ತಿದ್ದ, ನಾವು ಹಿಡಿಯುತ್ತಿದ್ದೆವು. ಜಾಮೀನು ಅವನೇ ಕೊಡಿಸುತ್ತಿದ್ದ. ದೊಡ್ಡ ಬಟ್ಟಿಯ ಕಡೆ ನಾವು ಮುಖ ಹಾಕುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕೂರಿಸಿದ್ದು ಶಾಂತವ್ವನನ್ನು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ರಜೆಯಲ್ಲಿ ಸಂಬಳವಿಲ್ಲ. ಒಂದು ದಿನ ಕೊಡ ಕಾಯ್ದರೆ ಕೂಲಿ ಕೊಡುತ್ತೇನೆ ಎಂದಿದ್ದನಂತೆ ಬಸಣ್ಣ. ಕೇಸಿನ ಮಾತು ಎತ್ತಿರಲಿಲ್ಲ.

ನಾವು ಹೋದಾಗ ಅಲ್ಯುಮಿನಿಯಂ ಕೊಡಗಳು ಫಳಫಳ ಹೊಳೆಯುತ್ತ ಬೋರಲಾಗಿದ್ದವು. ಬೆಲ್ಲದ ಕೊಳೆ, ಅಂದರೆ ಬಟ್ಟಿ ಇಳಿಸುವ ಮುನ್ನ ಹುಳಿ ಬರಿಸಿದ ಬೆಲ್ಲದ ನೀರು, ಒಂದು ಹನಿಯೂ ಇರಲಿಲ್ಲ. ಎಲ್ಲಿ ಹೋಯಿತೆಂದು ಇನ್ಸ್‌ಪೆಕ್ಟರ್ ಕೇಳಿದರು.

“ಭಾಳ ನಾತ ಹೊಡೀತಿತ್ರಿ ಸಾಹೇಬ್ರ. ಹುಳಾ ಬಿದ್ದಿದ್ವು. ಚೆಲ್ಲಿ, ಬೂದಿ ಹಚ್ಚಿ ತಿಕ್ಕೀನ್ರಿ. ಬರೇ ಕುಂದ್ರೂದು ಹ್ಯಾಂಗ್ರಿ?”

ಮಹಜರಿಗೆ ಸಹಿ ಹಾಕಲು ನಮ್ಮ ಜೊತೆ ಬಂದಿದ್ದ ಪಂಚನೊಬ್ಬ ನಕ್ಕ. “ಎಂಥಾ ಕಳ್ಳಿ ಸಿಕ್ಕಾಳ್ರಿ, ಸಾಕ್ಷಿ ತಾನೇ ತೊಳದಾಳ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಬಸಣ್ಣನ ಶೆಡ್ಡಿನಿಂದ ಒಂದು ಕ್ಯಾನ್ ಕೊಳೆ ತರಲು ನನ್ನನ್ನು ಕಳಿಸಿದರು. ಸರ್ಕಾರಿ ಜೀಪಿನಲ್ಲೇ ತಂದೆ. ಆಕೆ ತೊಳೆದಿಟ್ಟ ಕೊಡಕ್ಕೆ ನಾನೇ ಸುರಿದೆ, ಸ್ಯಾಂಪಲ್ ಬಾಟಲಿಗೆ ಸೀಲು ಹಾಕಿದೆ. ಆಗ ಶಾಂತವ್ವನಿಗೆ ಅರ್ಥವಾಯಿತು.

“ಯಪ್ಪಾ, ಕೇಸಾದ್ರ ಸಾಲ್ಯಾಗ ನನಗ ಒಲಿ ಮುಟ್ಟಗೊಡೂದಿಲ್ರಿ. ತಂದಾವ್ರು ನೀವು, ನೀವಽ ಹೇಳ್ರಿ.”

ನಾನು ಆಕೆಯನ್ನು ಜೀಪು ಹತ್ತಿಸಿದೆ. ಕೊಳೆ ಚೆಲ್ಲಿದ ಸಿಟ್ಟಿಗೆ ಬಸಣ್ಣ ಜಾಮೀನಿಗೂ ಬರಲಿಲ್ಲ. ಆಕೆಯ ತಮ್ಮ ಆಡು ಮಾರಿ ಬಿಡಿಸಿಕೊಂಡು ಹೋದ. ಕೊಳೆ ಎಲ್ಲಿತ್ತೆಂದು ಕೋರ್ಟಿನಲ್ಲಿ ಕೇಳಿದಾಗ, “ಆರೋಪಿಯ ಮುಂದೆ” ಎಂದೆ. ಅದು ಸುಳ್ಳಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ.

ಶಾಲೆ ತೆರೆದಾಗ, ಸಾರಾಯಿ ಕಾಸುವವಳ ಕೈಯೂಟ ಮಕ್ಕಳಿಗೆ ಬೇಡವೆಂದು ಆಕೆಯನ್ನು ಬಿಡಿಸಿದರು. ಆ ಮಾತನ್ನು ಮೊದಲು ಎತ್ತಿದವನು ಯಾರು? ಶಾಲಾ ಸಮಿತಿಯಲ್ಲಿ ಕೂತಿದ್ದ ಅದೇ ಬಸಣ್ಣ!

ಆ ಸೀಮೆಯಲ್ಲಿ ನಾತ ತಾಳಲಾರದೆ ಕೊಳೆ ಚೆಲ್ಲಿದವಳು ಆಕೆಯೊಬ್ಬಳೇ. ಚೆಲ್ಲುವುದಕ್ಕೆಂದೇ ಸಂಬಳ ತಿಂದ ನಾವು ತಂದು ಸುರಿದೆವು. ಈಗಲೂ ಪತ್ರಿಕೆಯಲ್ಲಿ ದಾಳಿಯ ಸುದ್ದಿ ಬಂದರೆ ಎಷ್ಟು ಲೀಟರ್ ಸಿಕ್ಕಿತೆಂದು ನಾನು ನೋಡುವುದಿಲ್ಲ. ಅದನ್ನು ಅಲ್ಲಿಗೆ ಹೊತ್ತು ತಂದವರು ಯಾರು ಎಂದು ಕೇಳುತ್ತೇನೆ. ನೀವೂ ಕೇಳಿ.