ದೇವರ ಗೂಡಿನ ಐದು ಮಾತ್ರೆ

ವಯನಾಡು ಜಿಲ್ಲೆಯಾದ ಹೊಸತು. ಇನ್ನು ಮೇಲೆ ಕಚೇರಿ ಕೆಲಸಕ್ಕೆಲ್ಲ ಘಾಟಿ ಇಳಿಯಬೇಕಿಲ್ಲ ಎಂದು ನಮ್ಮೂರು ಚೇಕಾಡಿಯ ಗಂಡಸರು ಹಿಗ್ಗುತ್ತಿದ್ದರು. ನನಗೆ ಮದುವೆಯಾಗಿ ಆರು ವರ್ಷ, ಮಡಿಲು ತುಂಬಿರಲಿಲ್ಲ. ಬತ್ತೇರಿ ಪೇಟೆಯ ಲೇಡಿ ಡಾಕ್ಟರ ಹತ್ತಿರ ನನ್ನನ್ನು ಕರೆದೊಯ್ದವರು ಅತ್ತೆಯೇ. ಅಷ್ಟನ್ನು ಒಪ್ಪಿಕೊಳ್ಳಲೇಬೇಕು.

ಡಾಕ್ಟರು ಸಮಾಧಾನವಾಗಿ ತಿಳಿಸಿದರು. ನನ್ನ ಅಂಡಾಶಯದಲ್ಲಿ ಅಂಡ ಬಲಿತು ಹೊರಬರುತ್ತಿಲ್ಲ, ಈ ಮಾತ್ರೆ ಅದನ್ನು ಬಲಿಯುವಂತೆ ಮಾಡುತ್ತದೆ. ಮುಟ್ಟಿನ ಮೂರನೇ ದಿನ ಶುರುಮಾಡಿ ಐದು ದಿನ, ದಿನಕ್ಕೊಂದು. ದಿನ ತಪ್ಪಿದರೆ ಪ್ರಯೋಜನವಿಲ್ಲ ಎಂದು ಮಲಯಾಳದಲ್ಲಿ ಎರಡೆರಡು ಸಲ ಹೇಳಿದರು.

ಮನೆಗೆ ಬಂದವರೇ ಅತ್ತೆ ಆ ಪೊಟ್ಟಣವನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟು ಕೈಮುಗಿದರು. ನಮ್ಮ ಮನೆಯಲ್ಲಿ ಮುಟ್ಟಾದವಳು ಏಳು ದಿನ ಹಿತ್ತಲ ಗುಡಿಸಲಿನಲ್ಲಿ ಇರಬೇಕು. ಮೂರನೇ ದಿನ ಅಲ್ಲಿಂದಲೇ ಕೂಗಿದೆ.

"ಅತ್ತೆ, ಗುಳಿಗೆ ಇವತ್ತಿಂದ ತಿನ್ನಬೇಕು."

"ದೇವರ ಮುಂದೆ ಇಟ್ಟದ್ದ ಮುಟ್ಟಾದವಳ ಕೈಗೆ ಕೊಡಕ್ಕಾಯ್ತದಾ? ಏಳಕ್ಕೆ ಮಿಂದು ಒಳಗೆ ಬಾ, ನಾನೇ ಕೊಡ್ತೀನಿ. ನಾಕು ದಿನಕ್ಕೆ ಏನಾಯ್ತದೆ?"

ಗಂಡನನ್ನು ಕೇಳಿದೆ. ಮಾರು ದೂರ ನಿಂತು, "ಅವ್ವ ಹೇಳ್ದಂಗೆ ಕೇಳು" ಎಂದು ಗದ್ದೆಗೆ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮನೆಯ ಪೂಜಾರಿಗೆ ಕೊಡುವ ಮನಸ್ಸೇನೋ ಇತ್ತು, ಮೈಲಿಗೆಯ ಕೈಗೆ ಕೊಡುವ ಧೈರ್ಯ ಇರಲಿಲ್ಲ.

ಮೂರು ತಿಂಗಳು ಹೀಗೇ ಆಯಿತು, ಏಳಕ್ಕೆ ಮಿಂದ ಮೇಲೆಯೇ ಮಾತ್ರೆ ಕೈಗೆ ಬರುತ್ತಿತ್ತು. ಮತ್ತೆ ಬತ್ತೇರಿಗೆ ಹೋದಾಗ, ಸರಿಯಾದ ದಿನಕ್ಕೆ ತಿಂದೆಯಾ ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲಿ ಅತ್ತೆ ಕೂತಿದ್ದರು. ಊರಲ್ಲೆಲ್ಲ ಬಾಯಾಳಿ ಎನಿಸಿಕೊಂಡ ನಾನು ಹೂಂ ಎಂದು ತಲೆಯಾಡಿಸಿದೆ. ಅವರು ದಿನಕ್ಕೆರಡು ಮಾತ್ರೆ ಮಾಡಿದರು. ಅವೂ ಅದೇ ಗೂಡಿನಲ್ಲಿ ಕುಂಕುಮ ಮೆತ್ತಿಕೊಂಡು ಕೂತವು. ಮತ್ತೆ ಮೂರು ತಿಂಗಳು ಕಳೆದು ಅವರು ಅದನ್ನೇ ಕೇಳಿದಾಗ ನಾನೂ ಅದೇ ತಲೆಯಾಡಿಸಿದೆ. ಇವಳಿಗೆ ಈ ಮಾತ್ರೆ ಹಿಡಿಯುವುದಿಲ್ಲ ಎಂದು ಚೀಟಿಯಲ್ಲಿ ಬರೆದು, ನಿಲ್ಲಿಸಿಬಿಟ್ಟರು.

ಹೊರಗೆ ಬಂದು ಅತ್ತೆ ನನ್ನ ಬೆನ್ನು ಸವರಿ ಅತ್ತರು. "ದೇವರ ಮುಂದೆ ಇಟ್ರೂ ಫಲ ಕೊಡಲಿಲ್ಲವಲ್ಲ ಮಗಾ."

ನಮಗೆ ಮಕ್ಕಳಾಗಲಿಲ್ಲ. ಅತ್ತೆಯ ಮೇಲಿನ ಸಿಟ್ಟು ಅವರೊಂದಿಗೇ ಮಣ್ಣಾಯಿತು. ಆ ಚೀಟಿ ಮಾತ್ರ ಇನ್ನೂ ನನ್ನ ಟ್ರಂಕಿನಲ್ಲಿದೆ. ಒಂದು ತಿಂಗಳೂ ಹೇಳಿದ ದಿನಕ್ಕೆ ತಿನ್ನದ ಮಾತ್ರೆ ನನಗೆ ಹಿಡಿಯಲಿಲ್ಲವಂತೆ! ಹಿಡಿಯುತ್ತಿತ್ತೋ ಏನೋ, ನಾನು ಆ ಕುರ್ಚಿಯಲ್ಲಿ ಕೂತು ಒಮ್ಮೆ ಇಲ್ಲ ಎಂದಿದ್ದರೆ.