ಜರೀಗಿಡಕ್ಕೆ ಕೊಳೆಮದ್ದು

ಆ ಜರೀಗಿಡ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ನಾನೂ ನನ್ನ ಗಂಡನೂ ಆಗ ಯಲ್ಲಾಪುರದಲ್ಲಿ, ಹೆದ್ದಾರಿಗೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಮನೆಯಾಕೆ ಹಾವೇರಿ ಕಡೆಯವರು. ಅವರ ಗಂಡನಿಗೆ ವರ್ಗವಾದಾಗ ಗಿಡವನ್ನು ಕುಂಡ ಸಮೇತ ನನ್ನ ಕೈಗಿಟ್ಟರು.

"ಬಿಸಲಿಗೆ ಇಡಬ್ಯಾಡ್ರಿ, ಮಣ್ಣು ಒಣಗಾಕ ಬಿಡಬ್ಯಾಡ್ರಿ. ಮುಂಜಾನೆ ಎಲಿ ಮ್ಯಾಲೆ ಒಂದೀಟು ನೀರ ಹೊಡೀರಿ. ಕೂಸಿದ್ದಂಗ ಐತಿ."

ಸುತ್ತ ಕಾಡಿರುವ ಊರಿನಲ್ಲಿ, ಹಳ್ಳದ ದಂಡೆಯಲ್ಲಿ ಕತ್ತಿಯಿಂದ ಸವರಿ ಎಸೆಯುವ ಜಾತಿಯ ಗಿಡವನ್ನು ಒಳಗಿಟ್ಟು ಕೂಸಿನಂತೆ ಸಾಕುವುದು ನನಗೆ ತಮಾಷೆ ಎನಿಸಿತ್ತು. ಆದರೂ ಸಾಕಿದೆ. ಬೇಸಗೆಯಲ್ಲಿ ಲಾರಿಗಳ ಧೂಳು ಕಿಟಕಿಯ ಸರಳುಗಳ ಮೇಲೆಲ್ಲ ಕೂರುತ್ತಿತ್ತು. ಗಿಡವನ್ನು ಒಳಕೋಣೆಯ ನೆರಳಿಗೆ ಸರಿಸಿದೆ. ತಟ್ಟೆಯೊಂದರಲ್ಲಿ ಜಲ್ಲಿ ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಟ್ಟೆ. ಎಲೆಗಳ ತುದಿ ಒಣಗುವುದು ನಿಂತಾಗ ಆದ ಸಂತೋಷವನ್ನು ಯಾರಿಗೂ ಹೇಳಲಿಲ್ಲ.

ಆ ಬೇಸಗೆಯಲ್ಲೇ ಮಾವ, ಅಂದರೆ ನನ್ನ ಗಂಡನ ತಂದೆ, ಶಿರಸಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿಗೆ ಬಂದರು. ಅವರ ಮನೆ ಸಿದ್ದಾಪುರ ತಾಲೂಕಿನ ದೊಡ್ಮನೆ ಕಡೆ. ಅಲ್ಲಿಯೇ ಸುಧಾರಿಸಿಕೊಳ್ಳಬಹುದಿತ್ತು, ಅತ್ತೆ ಒಪ್ಪಲಿಲ್ಲ. "ಇಲ್ಲಿದ್ರೆ ಇವು ತೋಟಕ್ಕೆ ಇಳಿದೇ ಇಳಿತ. ನಿಂಗಳ ಪೇಟೆ ಮನೆಲಿ ಕಟ್ಟಿ ಹಾಕಿ" ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟರು.

ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಮಾವನ ಚಿಂತೆ ಅದಾಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅಡಕೆ ತೋಟಕ್ಕೆ ಕೊಳೆರೋಗ ಬಿದ್ದಾಗ, ಹಿಡಿದ ಗೊನೆ ಯಾವುದು, ಹಿಡಿಯದ್ದು ಯಾವುದು ಎಂದು ಅವರಿಗೆ ತಿಳಿಯಲಿಲ್ಲ. ದೊಡ್ಡ ಮಗ ಬೆರಳು ಮಾಡಿ ತೋರಿಸಬೇಕಾಯಿತು. ಆವರೆಗೆ ಯಾವ ಗೊನೆಗೆ ಮದ್ದು, ಯಾವಾಗ ಮದ್ದು ಎಂದು ಹೇಳುತ್ತಿದ್ದವರು ಅವರೇ. ಹೊಸ ಕಣ್ಣು ಆ ಮಾತನ್ನು ತಿರುಗಿ ಕೊಟ್ಟೀತೇ ಎನ್ನುವುದೊಂದೇ ಅವರಿಗೆ ಬೇಕಿತ್ತು. ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತು ದೂರದ ಬಸ್ಸಿನ ಬೋರ್ಡು ಓದಿ, ಸರಿಯೇ ಎಂದು ನನ್ನನ್ನು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದೆ. ಬಚ್ಚಲಿನ ಬಕೆಟ್ಟಿನಲ್ಲಿ ತಿಳಿನೀಲಿ ನೀರು. ಜರೀಗಿಡದ ಮೈತುಂಬ ಅದೇ ನೀಲಿ ಹನಿಗಳು.

"ಮಾವ, ಎಂತ ಹೊಡದ್ರಿ ಇದಕ್ಕೆ?"

"ಹೆದ್ರಡ ತಂಗಿ. ನಿನ್ನ ಗಿಡಕ್ಕೆ ರೋಗ ಬೈಂದು. ಎಲೆ ಅಡಿಗೆ ಪೂರ್ತಿ ಕಂದು ಚುಕ್ಕೆ, ಸಾಲಾಗಿ. ಹೊಸ ಕಣ್ಣಿಗೆ ಒಂದೊಂದೂ ಕಾಣ್ತು. ಅದ್ಕೆ ಕೊಳೆಮದ್ದು ಹೊಡದೆ."

ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣ ಅದು. ಪೇಟೆಯ ಅಂಗಡಿಯಿಂದ ಮೈಲುತುತ್ತ ತಂದಿದ್ದರು. ಸುಣ್ಣ ಅವರ ಕವಳದ, ಅಂದರೆ ಎಲೆಯಡಕೆಯ, ಡಬ್ಬಿಯದು. ಹದ ಸರಿಯಾಗಿದೆಯೇ ಎಂದು ನನ್ನ ತರಕಾರಿ ಚೂರಿಯನ್ನು ಅದ್ದಿ ನೋಡಿದ್ದರು. ಚೂರಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಎಲೆಗೆ ನೀರು ಸಿಂಪಡಿಸುವ ನನ್ನ ಬಾಟಲಿಯಲ್ಲೇ ಹೊಡೆದಿದ್ದರು.

ಆ ಚುಕ್ಕೆಗಳ ಚಿತ್ರ ಬರೆದು ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಿದ್ದೆ. ಜರೀಗಿಡ ಹೂ ಬಿಡುವುದಿಲ್ಲ. ಎಲೆಯಡಿಯ ಆ ಕಂದು ಚುಕ್ಕೆಗಳೇ ಅದರ ಸಂತಾನ ಹರಡುವ ಬೀಜಕಗಳ ಗಂಟುಗಳು. ಹೇಳಲು ಬಾಯಿ ತೆರೆದೆ. ಮಾವ ಬಕೆಟ್ಟನ್ನೇ ನೋಡುತ್ತಿದ್ದರು.

"ಈ ನೀಲಿ ನೋಡಿದ್ಯ? ಪೊರೆ ಬಂದ ಮೇಲೆ ಮದ್ದು ಬೂದಿ ನೀರಿನ ಹಂಗೆ ಕಾಣ್ತಿತ್ತು ಮಾರಾಯ್ತಿ. ಎಷ್ಟು ಚಂದ ಇದ್ದು!"

ನಾನು ಸುಮ್ಮನಾದೆ. ಅದು ಕನಿಕರವೋ, ಮಾವನೆದುರು ಮಾತಾಡುವ ಸಂಕೋಚವೋ? ಕನಿಕರ ಎಂದು ನೆನಪು ಹೇಳುತ್ತದೆ. ನನ್ನ ಬಗ್ಗೆ ನನ್ನ ನೆನಪು ಯಾವಾಗಲೂ ಒಳ್ಳೆಯದನ್ನೇ ಹೇಳುತ್ತದೆ, ಹಾಗಾಗಿ ಪೂರ್ತಿ ನಂಬಲಾರೆ.

ಕೆಲವೇ ದಿನಗಳಲ್ಲಿ ಎಲೆಗಳು ಸುಟ್ಟಂತೆ ಕಪ್ಪಾದವು. ಅದನ್ನೂ ಮೊದಲು ಕಂಡವರು ಮಾವನೇ. ಬಸ್ಸಿನ ಬೋರ್ಡು ಓದುವುದು ನಿಂತಿತು. ಒಂದು ಸಂಜೆ ದೊಡ್ಡ ಮಗನಿಗೆ ಫೋನು ಮಾಡಿ, "ಇನ್ನು ತೋಟದ್ದು ನೀನೇ ನೋಡ್ಕ. ಯಂಗೆ ರೋಗ ಯಾವುದು, ಅಲ್ಲದ್ದು ಯಾವುದು ಹೇಳಿ ಗೊತ್ತಾಗ್ತಿಲ್ಲೆ" ಎನ್ನುವುದು ಅಡಿಗೆಮನೆಗೆ ಕೇಳಿಸಿತು.

ಇನ್ನು ಸುಮ್ಮನಿರುವುದು ತಪ್ಪೆನಿಸಿತು. ಮರುದಿನ ಬೆಳಿಗ್ಗೆ ಅವರನ್ನು ಹಿತ್ತಿಲಿಗೆ ಕರೆದೊಯ್ದೆ. ನಲ್ಲಿಯ ನೀರು ಸೋರಿ ಸದಾ ಒದ್ದೆಯಾಗಿರುತ್ತಿದ್ದ ಕಲ್ಲುಗೋಡೆಯಲ್ಲಿ ಕಾಡು ಜರೀಗಿಡಗಳಿದ್ದವು. (ಗೋಡೆಯಲ್ಲ, ಬಾವಿಕಟ್ಟೆ ಎನ್ನುತ್ತಾರೆ ನನ್ನ ಗಂಡ. ಅವರು ಅಲ್ಲಿರಲಿಲ್ಲ, ಆದರೂ ಹಾಗೆನ್ನುತ್ತಾರೆ.) ಒಂದು ಎಲೆ ಮಗುಚಿ ಹಿಡಿದೆ. ಅದೇ ಚುಕ್ಕೆಗಳು. ಅವು ಏನೆಂದು ಹೇಳಿದೆ.

ಮಾವ ತಾವೇ ಮತ್ತೊಂದು ಎಲೆ ಮಗುಚಿದರು, ಇನ್ನೊಂದು ಮಗುಚಿದರು.

"ಹಂಗಾರೆ ಚುಕ್ಕೆ ಇದ್ದಿದ್ದು ಹೌದು?"

"ಹೌದು ಮಾವ."

"ಸಾಲಾಗಿ ಇದ್ದಿದ್ದೂ ಹೌದು?"

"ಹೌದು."

"ಕಣ್ಣು ಸರಿ ಇದ್ದು. ತಲೆ ಓಡಿದ್ದು ಜೋರಾತು." ನಕ್ಕುಬಿಟ್ಟರು. "ಬಸುರಿಗೆ ಕೊಳೆಮದ್ದು ಹೊಡದಂಗೆ ಆತಲೆ, ಕರ್ಮ!"

ಆ ಮೇಲೆ ಗಿಡದ ಪೂರ್ತಿ ಉಸ್ತುವಾರಿ ಅವರದೇ. ಸ್ಟೂಲಿನ ಮೇಲೆ ಕುಂಡ ಇರಿಸಿಕೊಂಡು, ಸುಟ್ಟ ಎಲೆಗಳನ್ನು ಬುಡದವರೆಗೆ ಕತ್ತರಿಸಿದರು. ಮದ್ದು ಬಿದ್ದ ಮೇಲ್ಮಣ್ಣು ತೆಗೆದು ಹೊಸ ಗೊಬ್ಬರಮಣ್ಣು ಹಾಕಿಸಿದರು. ಬಚ್ಚಲಿನ ತಂಪು ಮೂಲೆಯಲ್ಲಿ ಇಡಿಸಿ, ಬೆರಳಿನಿಂದ ಮಣ್ಣಿನ ಪಸೆ ನೋಡಿಯೇ ನೀರು ಹಾಕುತ್ತಿದ್ದರು. ಬೋಳು ಬುಡವನ್ನು ಕಂಡು ನಾನು ಆಸೆ ಬಿಟ್ಟಿದ್ದೆ. ಒಂದು ದಿನ "ತಂಗೀ, ಬಾ ಇಲ್ಲಿ!" ಎಂದು ಕೂಗಿದರು. ಬುಡದಿಂದ ಹಸಿರು ಚಿಗುರೊಂದು ಸುರುಳಿ ಸುತ್ತಿಕೊಂಡು ತಲೆಯೆತ್ತಿತ್ತು. ಮೈಮೇಲೆ ಕಂದು ನವಿರು.

"ಈ ನವಿರು ರೋಗ ಅಲ್ಲ ಅಲ್ದ?" ಎಂದು ಕೇಳಿದರು. ಅಲ್ಲ ಎಂದೆ.

ಮಳೆ ಹಿಡಿಯುವ ಮೊದಲು ಭಾವ, ಮಾವನ ದೊಡ್ಡ ಮಗ, ಚೀಲದಲ್ಲಿ ಎಳೆ ಅಡಕೆ ಹಾಕಿಕೊಂಡು ಬಸ್ಸಿನಲ್ಲಿ ಬಂದರು.

"ಅಪ್ಪಯ್ಯ, ರಾಶಿ ಉದುರ್ತಾ ಇದ್ದು. ಮಳೆಗೆ ಮುಂಚೆನೇ ಕೊಳೆ ಬಂತು ಕಾಣ್ತು. ನಾಳೆನೇ ಮದ್ದು ಹೊಡೆಸ್ತೆ."

ಮಾವ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತೊಟ್ಟು ನೋಡಿದರು. ಅಡಕತ್ತಿಯಲ್ಲಿ ಸೀಳಿ ಒಳಗೆ ನೋಡಿದರು. ಇನ್ನೊಂದನ್ನು ಎತ್ತಿಕೊಂಡರು, ಮತ್ತೊಂದನ್ನು ಸೀಳಿದರು. ಭಾವನ ಚಹಾ ಆರಿಹೋಯಿತು.

"ಎಂತ ಅಪ್ಪಯ್ಯ, ಜಾತಕ ನೋಡ್ತಾ ಇದ್ದಂಗೆ ಇದ್ದಲ!"

"ಕೊಳೆ ಆದ್ರೆ ತೊಟ್ಟಿನ ಹತ್ರ ನೀರು ಕುಡಿದಂಗೆ ಆಗವು. ಇಲ್ಲಿ ನೋಡು, ಸೂಜಿ ಚುಚ್ಚಿದಂಗೆ ತೂತು. ಹುಳದ ಕೆಲಸ."

"ಖಾತ್ರಿಯ?"

ಮಾವ ನನ್ನ ಕಡೆ ನೋಡಿದರು. ಅಡಕೆಯ ರೋಗ ನನಗೆ ನಿಜವಾಗಿಯೂ ತಿಳಿಯದು.

"ಇಲ್ಲೆ," ಎಂದರು ಭಾವನಿಗೆ. "ಮರ ನೋಡ್ದೇ ಖಾತ್ರಿ ಹೇಳಲೆ ಆಗ್ತಿಲ್ಲೆ. ನಡಿ, ಹೋಪನ."

"ಮಾವ, ಡಾಕ್ಟರು ಬಗ್ಗಬಾರ್ದು ಹೇಳಿದ್ದ," ಎಂದೆ.

"ಆನು ಎಲ್ಲಿ ಬಗ್ತೆ? ಅಡಕೆ ಇರದು ಮೇಲೆ ಅಲ್ದ?" ಎನ್ನುತ್ತ ಚೀಲಕ್ಕೆ ಪಂಚೆ ತುಂಬತೊಡಗಿದರು.

ಊರು ಮುಟ್ಟಿದ ಮೇಲೆ ಫೋನು ಮಾಡಿದರು. "ಹುಳವೇ ತಂಗಿ. ಹುಳ ಹಿಡ್ದಿದ್ದು ಅವನೇ, ಆನು ಮರ ತೋರ್ಸಿದ್ದು ಅಷ್ಟೇ," ಎಂದರು. ಹಿಂದಿನಿಂದ ಅತ್ತೆ ಏನೋ ಬೈಯುತ್ತಿದ್ದರು. ಮಾವ ನಗುತ್ತಿದ್ದರು.